ನಾಯಿಯೂ ನಡಿಗೆಯೂ

ನಡಿಗೆಯ ಪ್ರಯೋಜನವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಧರ್ಮರಾಯನಿಂದ ಆರಂಭಿಸುವುದಿಲ್ಲ. ನಾನು ಅವನಿಂದಲೇ ಆರಂಭಿಸುತ್ತೇನೆ. ಮಹಾಪ್ರಸ್ಥಾನಕ್ಕೆಂದು ಹೊರಟ ಪಾಂಡವರಲ್ಲಿ ಕೊನೆಯವರೆಗೂ ನಡೆದವನು ಅವನೊಬ್ಬನೇ. ಉಳಿದವರೆಲ್ಲ ದಾರಿಯಲ್ಲಿ ಒಬ್ಬೊಬ್ಬರಾಗಿ ಬಿದ್ದರು. ಅವನ ಜೊತೆಗೆ ಕೊನೆಯವರೆಗೂ ನಡೆದದ್ದು ಒಂದು ನಾಯಿ. ಈ ಕಥೆಯನ್ನು ನಾವೆಲ್ಲರೂ ಧರ್ಮದ ದೃಷ್ಟಿಯಿಂದ ಓದಿದ್ದೇವೆಯೇ ಹೊರತು ವ್ಯಾಯಾಮದ ದೃಷ್ಟಿಯಿಂದ ಓದಿದವರು ಯಾರೂ ಇದ್ದಂತಿಲ್ಲ. ಹೀಗೆಂದು ತರಗತಿಯಲ್ಲಿ ಹೇಳಿದಾಗ ಗೆಳತಿಯರು ನಕ್ಕರು. ನಮ್ಮ ಅಧ್ಯಾಪಕರೂ ನಕ್ಕು, "ಬರೆದು ಕೊಡು, ವಾರ್ಷಿಕ ಸಂಚಿಕೆಗೆ ಹಾಕೋಣ" ಎಂದರು. ಆ ನಗೆಯ ಫಲವೇ ಈ ಲೇಖನ.

ಈಚಿನ ಇಪ್ಪತ್ತು ವರ್ಷಗಳಿಂದ ಪಾಶ್ಚಾತ್ಯ ದೇಶಗಳ ಆರೋಗ್ಯಶಾಸ್ತ್ರಜ್ಞರು ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಾರೆ: ನಾಯಿ ಸಾಕಿದವರು ಸಾಕದವರಿಗಿಂತ ಹೆಚ್ಚು ನಡೆಯುತ್ತಾರೆ. ಬೆಳಂಬಾರದವಳಾದ ನನಗೆ ಈ ಮಾತು ಮೊದಲಿಗೆ ಸುಳ್ಳೆಂದೇ ತೋರಿತು. ನಮ್ಮೂರಿನಲ್ಲಿ ನಾಯಿಗಳಿಗೆ ಬರವಿಲ್ಲ. ಆದರೆ ನಾಯಿಯನ್ನು ಕರೆದುಕೊಂಡು ನಡೆಯುವ ಮನುಷ್ಯರನ್ನು ನಾನು ಕಂಡಿರಲಿಲ್ಲ. ನಮ್ಮೂರ ನಾಯಿ ತನ್ನ ನಡಿಗೆಯನ್ನು ತಾನೇ ನಡೆದುಕೊಳ್ಳುತ್ತದೆ. ಬೆಳಗಾದೊಡನೆ ಕಡಲ ದಂಡೆಗೆ ಹೋಗುತ್ತದೆ, ಬಲೆಯಿಂದ ಎಸೆದ ಮೀನನ್ನು ತಿನ್ನುತ್ತದೆ, ಗದ್ದೆಯ ಬದುವಿನ ಮೇಲೆ ಎರಡು ಸುತ್ತು ಬಂದು, ಮಧ್ಯಾಹ್ನಕ್ಕೆ ಅಂಗಳದ ನೆರಳಿನಲ್ಲಿ ಮಲಗುತ್ತದೆ. ಅಷ್ಟು ಹೊತ್ತೂ ಯಜಮಾನನು ಜಗಲಿಯ ಮೇಲೆಯೇ ಕುಳಿತಿರುತ್ತಾನೆ. ಈ ಏರ್ಪಾಡಿನಿಂದ ನಾಯಿಯ ಆರೋಗ್ಯ ಸುಧಾರಿಸಬಹುದೇ ಹೊರತು ಯಜಮಾನನ ಆರೋಗ್ಯವಲ್ಲ.

ಆದುದರಿಂದ ನಾಯಿ ಮನೆಯಲ್ಲಿದ್ದ ಮಾತ್ರಕ್ಕೆ ಯಾರೂ ನಡೆಯುವುದಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡು ಮುಂದುವರಿಯಬೇಕು. ನಾಯಿ ಮನುಷ್ಯನನ್ನು ಹೇಗೆ ನಡೆಸುತ್ತದೆ, ಯಾವಾಗ ನಡೆಸುತ್ತದೆ ಎಂಬುದೇ ವಿಚಾರ. ಅದನ್ನು ನಾನು ಪುಸ್ತಕಗಳಿಗಿಂತ ಮೊದಲು ನಮ್ಮ ಮನೆಯಲ್ಲಿಯೇ ಕಂಡೆನು.

ಬೆಳಂಬಾರದ ಹೆಸರು ಹೊರಗಿನವರಿಗೆ ತಿಳಿದಿರುವುದು ಪಾರ್ಶ್ವವಾಯುವಿಗೆ ಕೊಡುವ ನಾಟಿ ಔಷಧಿಯಿಂದ. ದೂರದ ಊರುಗಳಿಂದ ಬಂದ ವಾಹನಗಳು ನಮ್ಮೂರ ದಾರಿ ಕೇಳುವುದನ್ನು ಬಾಲ್ಯದಿಂದಲೂ ನೋಡಿದ್ದೇನೆ. ಒಂದು ಕೈಯನ್ನು ಎದೆಗೆ ಮಡಿಚಿಕೊಂಡು, ಒಂದು ಕಾಲನ್ನು ಎಳೆಯುತ್ತ, ಮಗನ ಹೆಗಲಿಗೆ ಆತುಕೊಂಡು ಇಳಿಯುವವರ ಮುಖ ಮರೆಯುವಂಥದಲ್ಲ. ಆ ಚಿಕಿತ್ಸೆಯ ವಿಚಾರ ಈ ಲೇಖನದ್ದಲ್ಲ. (ಆದರೂ ಒಂದು ಮಾತು ಹೇಳಿಬಿಡುತ್ತೇನೆ: ಬಾಯಿ ಸೊಟ್ಟಗಾಗಿ, ಮಾತು ತೊದಲಿ, ಒಂದು ಕೈ ಇದ್ದಕ್ಕಿದ್ದಂತೆ ಸೋತರೆ ಮೊದಲು ಹೋಗಬೇಕಾದದ್ದು ದೊಡ್ಡ ಆಸ್ಪತ್ರೆಗೆ. ಮಿದುಳಿನಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕಾಗುತ್ತದೆ.) ನಾನು ಹೇಳಹೊರಟದ್ದು ಬೇರೆ. ನಡೆಯಲಾರದವರನ್ನು ಇಷ್ಟೊಂದು ಕಂಡ ನಮ್ಮೂರಿನಲ್ಲಿಯೂ ನಡೆಯಬಲ್ಲವರು ನಡೆಯುವುದನ್ನು ಬಿಟ್ಟಿದ್ದಾರೆ.

ನನ್ನ ಅಜ್ಜಿ, ಎಂದರೆ ಆಯಿಯ ತಾಯಿ, ಲಕ್ವ ಹೊಡೆದು ಮೂರು ವರ್ಷ ಹಾಸಿಗೆಯಲ್ಲಿದ್ದು ತೀರಿಕೊಂಡಳು. ಆಯಿಗೆ ನಲವತ್ತನಾಲ್ಕು ವರ್ಷವಾದಾಗ ರಕ್ತದೊತ್ತಡವೂ ಸಕ್ಕರೆ ಕಾಯಿಲೆಯೂ ಒಟ್ಟಿಗೆ ಗೊತ್ತಾದವು. ವೈದ್ಯರು ಗುಳಿಗೆ ಬರೆದುಕೊಟ್ಟು, "ದಿನಾ ಅರ್ಧ ತಾಸು ನಡೀಬೇಕು, ತಪ್ಪಿಸಬಾರದು" ಎಂದರು. ಗುಳಿಗೆಯನ್ನು ಆಯಿ ಒಂದು ದಿನವೂ ತಪ್ಪಿಸಲಿಲ್ಲ. ಒಂದು ದಿನವೂ ನಡೆಯಲಿಲ್ಲ.

ಅವಳು ಸೋಮಾರಿಯೆಂದು ಯಾರೂ ತಿಳಿಯಬಾರದು. ಮದುವೆಯಾಗಿ ಬಂದ ಹೊಸತರಲ್ಲಿ ಅವಳು ನಡೆದಷ್ಟು ನಾನು ಜನ್ಮದಲ್ಲಿ ನಡೆದಿಲ್ಲ. ನೀರಿಗೆ ಬಾವಿಗೆ, ತರಗೆಲೆಗೆ ಬೇಣಕ್ಕೆ, ನಾಟಿಗೆ ಗದ್ದೆಗೆ, ತರಕಾರಿಯ ಬುಟ್ಟಿ ಹೊತ್ತು ಅಂಕೋಲೆಯ ಪೇಟೆಗೆ, ಎಲ್ಲವೂ ಕಾಲ್ನಡಿಗೆಯೇ. ಈಗ ನೀರು ನಲ್ಲಿಯಲ್ಲಿ ಬರುತ್ತದೆ, ಒಲೆಗೆ ಗ್ಯಾಸು ಬಂದಿದೆ, ಪೇಟೆಗೆ ರಿಕ್ಷಾ ಇದೆ. ನನ್ನ ಓದಿನ ಖರ್ಚಿಗೆಂದು ಆಯಿ ಹೊಲಿಗೆಯಂತ್ರ ಕೊಂಡು ಅದರ ಮುಂದೆ ದಿನಕ್ಕೆ ಏಳೆಂಟು ತಾಸು ಕುಳಿತುಕೊಳ್ಳುತ್ತಾಳೆ. ನಾನು ಮನೆತನದಲ್ಲಿ ಮೊದಲ ಪದವೀಧರೆಯಾಗುವುದಕ್ಕೂ ಆಯಿಯ ಕಾಲು ನಡಿಗೆ ಮರೆತದ್ದಕ್ಕೂ ಇರುವ ಸಂಬಂಧ ನನಗೆ ತಿಳಿಯದ್ದೇನಲ್ಲ.

"ಕೆಲಸವಿಲ್ಲದೆ ಹ್ಯಾಗೆ ನಡೆಯೋದು?" ಎಂದು ಆಯಿ ಕೇಳುತ್ತಿದ್ದಳು. ಇದು ನೆವವೆಂದು ನಾನು ಬಹಳ ದಿನ ತಿಳಿದಿದ್ದೆನು. ನೆವವಲ್ಲ. ನಮ್ಮೂರಿನ ಓಣಿಯಲ್ಲಿ ಒಬ್ಬ ಹೆಂಗಸು ಕೈಬೀಸಿಕೊಂಡು ನಡೆದರೆ ಪ್ರತಿಯೊಂದು ದಣಪೆಯಿಂದಲೂ ಒಂದೇ ಪ್ರಶ್ನೆ ಬರುತ್ತದೆ: "ಎಲ್ಲಿಗೆ ಹೊರಟದ್ದು?" ಕೇಳುವವರಲ್ಲಿ ಕೆಡುಕಿಲ್ಲ, ನಮ್ಮಲ್ಲಿ ಅದೇ ನಮಸ್ಕಾರ. ಆದರೆ ಅದಕ್ಕೊಂದು ಉತ್ತರ ಬೇಕು. ಅಂಗಡಿಗೆ, ದೇವಸ್ಥಾನಕ್ಕೆ, ತವರಿಗೆ, ರೇಶನ್ನಿಗೆ ಎಂದರೆ ಸರಿ. "ಎಲ್ಲಿಗೂ ಇಲ್ಲ, ಸುಮ್ಮನೆ ನಡೆಯುತ್ತಿದ್ದೇನೆ" ಎಂದರೆ ಮರುದಿನ ಊರಿಗೆಲ್ಲ ಸುದ್ದಿ. ಗಂಡಸರಿಗೆ ಕಟ್ಟೆಯಿದೆ, ಚಹಾದಂಗಡಿಯಿದೆ. ಹೆಂಗಸರಿಗೆ ಹೊರಗೆ ಕಾಲಿಡಲು ಕಾರಣ ಬೇಕು. ಜಗತ್ತಿನ ದೇಶಗಳ ಲೆಕ್ಕವನ್ನು ತೆಗೆದು 2024ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಂತೆ, 2022ರಲ್ಲಿ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನ ಸಾಕಷ್ಟು ಶರೀರಶ್ರಮ ಮಾಡುತ್ತಿರಲಿಲ್ಲ. ಗಂಡಸರಲ್ಲಿ ನೂರಕ್ಕೆ 42, ಹೆಂಗಸರಲ್ಲಿ ನೂರಕ್ಕೆ 57. ಈ ಹದಿನೈದರ ವ್ಯತ್ಯಾಸದಲ್ಲಿ "ಎಲ್ಲಿಗೆ ಹೊರಟದ್ದು?" ಎಂಬ ಪ್ರಶ್ನೆಯ ಪಾಲೆಷ್ಟೆಂದು ಯಾರಾದರೂ ಅಳೆದು ನೋಡಬೇಕು.

ಇಂಥ ಸ್ಥಿತಿಯಲ್ಲಿ ನಾಯಿ ಬಂದಿತು. ನಾನು ದ್ವಿತೀಯ ಬಿ. ಎ.ಯಲ್ಲಿದ್ದಾಗ ಬಸ್ ನಿಲ್ದಾಣದ ಹತ್ತಿರ ಮಳೆಯಲ್ಲಿ ನಡುಗುತ್ತಿದ್ದ ಕಪ್ಪು ಮರಿಯೊಂದನ್ನು ಪುಸ್ತಕದ ಚೀಲದಲ್ಲಿ ಹಾಕಿಕೊಂಡು ತಂದೆನು. ಇತಿಹಾಸದ ಪಾಠದಲ್ಲಿ ಆಗತಾನೆ ಆತಕೂರಿನ ಶಾಸನವನ್ನು ಓದಿದ್ದೆವು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನು, ಮೆಚ್ಚಿಗೆಯಾಗಿ ಏನು ಬೇಕೆಂದರೆ ಗಂಗ ಬೂತುಗನಲ್ಲಿದ್ದ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ನಿಲ್ಲಿಸಿದ ಕಲ್ಲು ಇಂದಿಗೂ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆದುದರಿಂದ ನಾನು ಮರಿಗೆ ಕಾಳಿ ಎಂದು ಹೆಸರಿಟ್ಟೆನು. ಪಕ್ಕದ ಮನೆಯ ದೊಡ್ಡಮ್ಮ, "ದೇವಿಯ ಹೆಸರು ನಾಯಿಗೋ!" ಎಂದು ರೇಗಿದ ಮೇಲೆ ಅದು ಕಾಳು ಆಯಿತು. ಶಾಸನದ ಕಾಳಿ ಹಂದಿಯನ್ನು ಕೊಂದಿತ್ತು. ನಮ್ಮ ಕಾಳು ಒಂಬತ್ತು ತಿಂಗಳಾಗುವುದರೊಳಗೆ ಅದೇ ದೊಡ್ಡಮ್ಮನ ನಾಲ್ಕು ಕೋಳಿಗಳನ್ನು ಕೊಂದಿತು. ಕೋಳಿಯ ಬೆಲೆಯನ್ನು ಆಯಿ ಎರಡು ಕಂತಿನಲ್ಲಿ ತೀರಿಸಿದಳು. ಕಾಳುವಿನ ಕೊರಳಿಗೆ ಸರಪಳಿ ಬಿದ್ದಿತು.

ಈ ಲೇಖನದ ಮುಖ್ಯ ವಿಚಾರ ಇಲ್ಲಿಂದ ಆರಂಭವಾಗುತ್ತದೆ. ನಾಯಿ ತಾನು ಮಲಗುವ ಜಾಗವನ್ನು ಹೊಲಸು ಮಾಡಲು ಇಷ್ಟಪಡುವುದಿಲ್ಲ. ಕಟ್ಟಿದ ನಾಯಿಯನ್ನು ಹೊತ್ತು ಹೊತ್ತಿಗೆ ಹೊರಗೆ ಕರೆದೊಯ್ಯಲೇಬೇಕು. ಇಲ್ಲವಾದರೆ ಅದು ಊಳಿಡುತ್ತದೆ, ಸರಪಳಿ ಜಗ್ಗುತ್ತದೆ, ರಾತ್ರಿಯೆಲ್ಲ ನಿದ್ದೆಗೆಡಿಸುತ್ತದೆ. ಅಪ್ಪ ಕೂಲಿಯ ಕೆಲಸಕ್ಕೆ ಗೋವೆಗೆ ಹೋದರೆ ತಿಂಗಳಿಗೊಮ್ಮೆ ಬರುವವರು. ನಾನು ಬೆಳಗಿನ ಬಸ್ಸು ಹಿಡಿದು ಕಾರವಾರಕ್ಕೆ ಹೋಗುವವಳು. ಉಳಿದವಳು ಆಯಿ. ಮೊದಲ ದಿನ ಅವಳು ಹಿತ್ತಿಲ ಬೇಲಿಯವರೆಗೆ ಹೋಗಿ ಬಂದಳು. ಒಂದು ವಾರದ ಮೇಲೆ ಗದ್ದೆ ಬಯಲಿನ ತುದಿಯವರೆಗೆ. ತಿಂಗಳಾಗುವಷ್ಟರಲ್ಲಿ ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತೈದು ನಿಮಿಷ ಕಡಲ ದಂಡೆಯ ಮೇಲೆ ನಡೆಯತೊಡಗಿದ್ದಳು. ವಾರಕ್ಕೆ ಇದು 315 ನಿಮಿಷವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಯಸ್ಕರಿಗೆ ಹೇಳಿರುವುದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ಶ್ರಮ. ಆಯಿಗೆ ಆ ಸಂಸ್ಥೆಯ ಹೆಸರೂ ಗೊತ್ತಿಲ್ಲ. "ಎಲ್ಲಿಗೆ ಹೊರಟದ್ದು?" ಎಂದವರಿಗೆ ಈಗ ಅವಳು ಬಾಯಿ ಬಿಡಬೇಕಾಗಿಯೂ ಇಲ್ಲ. ಉತ್ತರ ಅವಳಿಗಿಂತ ಎರಡು ಮಾರು ಮುಂದೆ ಬಾಲವಾಡಿಸುತ್ತ ಹೋಗುತ್ತಿರುತ್ತದೆ.

ಇನ್ನು ಶಾಸ್ತ್ರಜ್ಞರು ಹೇಳುವುದನ್ನು ನೋಡೋಣ. ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಯಿ ಸಾಕಿದವರು ಮೇಲೆ ಹೇಳಿದ 150 ನಿಮಿಷಗಳ ಗುರಿಯನ್ನು ಮುಟ್ಟುವ ಸಂಭವ ಉಳಿದವರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚಾಗಿತ್ತು. ಅದೇ ದೇಶದ ನಾರ್ಫೋಕ್ ಪ್ರಾಂತದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಧ್ಯವಯಸ್ಕರಿಗೂ ವೃದ್ಧರಿಗೂ ಚಲನೆಯನ್ನು ಅಳೆಯುವ ಸಣ್ಣ ಯಂತ್ರವನ್ನು ಕಟ್ಟಿ ಪರೀಕ್ಷಿಸಿದರು. 2017ರಲ್ಲಿ ಹೊರಬಂದ ಅದರ ಫಲಿತಾಂಶ ನನಗೆ ಎಲ್ಲಕ್ಕಿಂತ ಹಿಡಿಸಿತು. ಚಳಿಗೂ ಮಳೆಗೂ ಜನ ಮನೆಯೊಳಗೆ ಸೇರುವುದು ಎಲ್ಲ ದೇಶಗಳಲ್ಲಿಯೂ ಇದ್ದದ್ದೇ. ಆದರೆ ನಾಯಿಯನ್ನು ನಡೆಸುವ ರೂಢಿಯಿದ್ದವರು ಅತ್ಯಂತ ಕೆಟ್ಟ ಹವೆಯ ದಿನದಲ್ಲಿಯೂ, ನಾಯಿಯಿಲ್ಲದವರು ಅತ್ಯಂತ ಒಳ್ಳೆಯ ಹವೆಯ ದಿನದಲ್ಲಿ ಓಡಾಡುವುದಕ್ಕಿಂತ ಹೆಚ್ಚು ಓಡಾಡಿದ್ದರು! ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುವ ನಮ್ಮ ಕರಾವಳಿಯವರಿಗೆ ಇದರ ಬೆಲೆ ಗೊತ್ತಾಗದೆ ಇರದು. ಆಷಾಢದಲ್ಲಿ ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಸರಪಳಿ ಹಿಡಿದು, ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ ಆಯಿ ಹೊರಡುವುದನ್ನು ನೋಡಿದ ಮೇಲೆ ನಾರ್ಫೋಕಿನ ಲೆಕ್ಕವನ್ನು ನಾನು ಸಂಪೂರ್ಣವಾಗಿ ನಂಬಿದೆನು.

ಕಾರಣವೇನೆಂದರೆ, ಮನುಷ್ಯನು ತನಗೆ ತಾನೇ ಕೊಟ್ಟುಕೊಂಡ ಮಾತನ್ನು ಮುರಿಯುವುದು ಬಹಳ ಸುಲಭ. "ನಾಳೆಯಿಂದ ನಡೆಯುತ್ತೇನೆ" ಎಂಬ ಪ್ರತಿಜ್ಞೆಗೆ ಸಾಕ್ಷಿ ಯಾರೂ ಇಲ್ಲ. ನಾಯಿಗೆ ಕೊಟ್ಟ ರೂಢಿಯನ್ನು ಹಾಗೆ ಮುರಿಯಲಾಗದು. ಅದಕ್ಕೆ ಗಡಿಯಾರ ತಿಳಿಯದು, ಆದರೆ ಹೊತ್ತು ತಿಳಿಯುತ್ತದೆ. ಸಂಜೆ ಐದೂವರೆಯಾಯಿತೆಂದರೆ ಕಾಳು ಹೊಲಿಗೆಯಂತ್ರದತ್ತ ಮುಖ ಮಾಡಿ ಕುಳಿತು ಸಣ್ಣದಾಗಿ ಕುಂಯ್‌ಗುಟ್ಟುತ್ತದೆ. ಹೊಲಿಯುತ್ತಿದ್ದ ರವಿಕೆಯನ್ನು ಪಕ್ಕಕ್ಕಿಟ್ಟು ಆಯಿ, "ಬಂದೆ ಮಾರಾಯಾ" ಎನ್ನುತ್ತಾಳೆ. ವೈದ್ಯರ ಉಪದೇಶವು ತಿಂಗಳಿಗೊಮ್ಮೆ, ಇದರ ಉಪದೇಶವು ದಿನಕ್ಕೆರಡು ಸಲ.

ನಡೆದರೆ ದೇಹಕ್ಕೆ ಏನಾಗುತ್ತದೆಂಬುದನ್ನೂ ಸ್ವಲ್ಪ ಹೇಳಬೇಕು. ಹೃದಯವು ರಕ್ತವನ್ನು ಕಾಲಿನವರೆಗೆ ಕಳಿಸಬಲ್ಲದು. ಅಲ್ಲಿಂದ ಮೇಲಕ್ಕೆ ಮರಳಿ ಬರಲು ಮೀನಖಂಡದ ಸ್ನಾಯುಗಳು ಹಿಂಡಿ ಸಹಾಯ ಮಾಡಬೇಕು. ಕುಳಿತಿರುವಾಗ ಆ ಪಂಪು ನಿಂತಂತೆಯೇ. ನಡೆಯುವಾಗ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ಇನ್ಸುಲಿನ್ನಿನ ದಾರಿ ಕಾಯದೆ ಒಳಗೆ ಎಳೆದುಕೊಳ್ಳುತ್ತವೆ. ಸಕ್ಕರೆ ಕಾಯಿಲೆಯವರಿಗೆ ನಡಿಗೆ ಒಳ್ಳೆಯದೆನ್ನುವುದು ಇದಕ್ಕಾಗಿಯೇ. ದಿನವೂ ನಡೆದರೆ ರಕ್ತದೊತ್ತಡವೂ ಸ್ವಲ್ಪ ಇಳಿಯುತ್ತದೆ. ಕುಳಿತು ಕೆಲಸ ಮಾಡುವವರಿಗೂ ಓಡಾಡುವವರಿಗೂ ಇರುವ ಅಂತರವನ್ನು ಮೊದಲು ಸ್ಪಷ್ಟವಾಗಿ ತೋರಿಸಿದವರು ಲಂಡನ್ನಿನ ಡಾಕ್ಟರ್ ಜೆರ್ರಿ ಮಾರಿಸ್. ಅಲ್ಲಿಯ ಎರಡಂತಸ್ತಿನ ಬಸ್ಸುಗಳಲ್ಲಿ ಚಾಲಕನು ದಿನವಿಡೀ ಕುಳಿತಿರುತ್ತಿದ್ದನು, ನಿರ್ವಾಹಕನು ಮೆಟ್ಟಿಲು ಹತ್ತಿ ಇಳಿಯುತ್ತಿದ್ದನು. ಹೃದ್ರೋಗವು ನಿರ್ವಾಹಕರಿಗಿಂತ ಚಾಲಕರಲ್ಲಿ ಹೆಚ್ಚೆಂದು ಮಾರಿಸರು 1953ರಲ್ಲಿ ಪ್ರಕಟಿಸಿದರು. ಅವರು ಸ್ವತಃ 99 ವರ್ಷ ಬದುಕಿ 2009ರಲ್ಲಿ ತೀರಿಕೊಂಡರು. ಅಂಕೋಲೆಯಿಂದ ಕಾರವಾರಕ್ಕೆ ಬರುವ ಬಸ್ಸಿನ ನೂಕುನುಗ್ಗಲಿನಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡುವ ನಮ್ಮ ಕಂಡಕ್ಟರರನ್ನು ನೋಡಿದಾಗಲೆಲ್ಲ ಅವರ ನೆನಪಾಗುತ್ತದೆ.

ಆದರೆ ಒಂದು ಆಕ್ಷೇಪವನ್ನು ಎತ್ತಲೇಬೇಕು. ನಾಯಿಯಿಂದ ಜನ ನಡೆಯುತ್ತಾರೆಯೋ, ಇಲ್ಲವೆ ನಡೆಯುವ ಸ್ವಭಾವದವರೇ ನಾಯಿ ಸಾಕುತ್ತಾರೆಯೋ? ತರ್ಕಶಾಸ್ತ್ರ ಓದಿದವರು ಇದನ್ನು ಕೇಳದೆ ಬಿಡುವುದಿಲ್ಲ. ಸ್ವೀಡನ್ನಿನಲ್ಲಿ ನಾಯಿಗಳನ್ನೆಲ್ಲ 2001ರಿಂದ ಕಡ್ಡಾಯವಾಗಿ ನೋಂದಾಯಿಸುತ್ತಾರೆ. ಆ ಪಟ್ಟಿಯನ್ನು ಆಸ್ಪತ್ರೆಯ ದಾಖಲೆಗಳೊಡನೆ ಹೋಲಿಸಿ, 34 ಲಕ್ಷ ಜನರ ಲೆಕ್ಕವನ್ನು 2017ರಲ್ಲಿ ಪ್ರಕಟಿಸಿದರು. ಒಂಟಿಯಾಗಿ ವಾಸಿಸುವವರಲ್ಲಿ, ನಾಯಿ ಸಾಕಿದವರ ಮರಣದ ಸಂಭವ ಸಾಕದವರಿಗಿಂತ ಮೂರನೆಯ ಒಂದಂಶದಷ್ಟು ಕಡಿಮೆಯಾಗಿತ್ತು. ಆದರೂ ಇದರಿಂದ ನಾಯಿಯೇ ಕಾರಣವೆಂದು ಸಿದ್ಧವಾಗುವುದಿಲ್ಲ. ಆರೋಗ್ಯವಾಗಿರುವವರೇ ನಾಯಿ ಸಾಕಿರಬಹುದು. ಆಸ್ಟ್ರೇಲಿಯದ ಪರ್ತ್ ನಗರದವರು ಇದಕ್ಕೆ ಬೇರೊಂದು ದಾರಿ ಹಿಡಿದರು. ಮೊದಲು ನಾಯಿಯಿಲ್ಲದೆ ಇದ್ದು ಆಮೇಲೆ ನಾಯಿ ತಂದವರ ನಡಿಗೆಯನ್ನು ಹಿಂದೆ ಮುಂದೆ ಅಳೆದರು. ನಾಯಿ ಬಂದ ಮೇಲೆ ಅದು ಹೆಚ್ಚಾಗಿತ್ತು. ನಮ್ಮ ಮನೆಯ ಸಾಕ್ಷ್ಯವೂ ಪರ್ತಿನ ಕಡೆಗೇ. ಆಯಿ ನಡೆಯುವ ಸ್ವಭಾವದಿಂದ ನಾಯಿ ಸಾಕಿದವಳಲ್ಲ. ಸಾಕಿದವಳು ನಾನು, ನಡೆದವಳು ಅವಳು.

ಇಷ್ಟನ್ನು ಓದಿ ಯಾರಾದರೂ ನಾಳೆಯೇ ನಾಯಿ ತರಲು ಹೊರಟರೆ ತಡೆಯುವುದು ನನ್ನ ಕರ್ತವ್ಯ. ಅಮೆರಿಕದ ಹೃದ್ರೋಗ ಸಂಘವು 2013ರಲ್ಲಿ ನಾಯಿ ಸಾಕುವುದರಿಂದ ಹೃದಯಕ್ಕೆ ಹಿತವಾಗಬಹುದೆಂದು ಹೇಳುತ್ತಲೇ, ಅದೊಂದೇ ಉದ್ದೇಶದಿಂದ ನಾಯಿ ತರಬಾರದೆಂದೂ ಹೇಳಿತು. ನಾಯಿ ಔಷಧಿಯಲ್ಲ, ಗುಣವಾದ ಮೇಲೆ ಬಾಟಲಿಯಂತೆ ಎಸೆಯಲಾಗದು. ಹತ್ತು ಹನ್ನೆರಡು ವರ್ಷ ಬದುಕುವ ಜೀವವದು. ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಹಿಮದ ನಾಡಿನ ದಟ್ಟ ಕೂದಲ ನಾಯಿಯೊಂದು ಮೇ ತಿಂಗಳ ಸೆಕೆಯಲ್ಲಿ ನಾಲಿಗೆ ಚಾಚಿ ಏದುಸಿರು ಬಿಡುವುದನ್ನು ನೋಡಿ ನನಗೆ ಅಳು ಬಂದಿತ್ತು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರೇ ಅದಕ್ಕೆ ತಂಪು. ನಮ್ಮ ಹವೆಗೆ ನಮ್ಮ ಊರುನಾಯಿಯೇ ಸಾಕು. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಗೆ 2005ರಲ್ಲಿ ಅಂಚೆಚೀಟಿಯ ಗೌರವವೇ ದೊರೆಯಿತು. ಆದರೆ ಅದು ಓಡಲು ಹುಟ್ಟಿದ ಜಾತಿ, ಅದರ ಹಿಂದೆ ನಮ್ಮ ಆಯಂದಿರಿಂದ ಓಡಲಾಗದು. ಬಿಸಿಲು ಕಾಲದಲ್ಲಿ ಮರಳಿನ ಮೇಲೆ ಅಂಗೈಯ ಹಿಂಭಾಗವನ್ನಿಟ್ಟು ನೋಡಬೇಕು. ನಮಗೆ ಸುಟ್ಟರೆ ಅದರ ಪಾದಕ್ಕೂ ಸುಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಹುಚ್ಚುನಾಯಿ ರೋಗದ ಚುಚ್ಚುಮದ್ದು. ಮರಿಗೆ ಮೂರು ತಿಂಗಳಾದಾಗ ಹಾಕಿಸಿ, ಮುಂದೆ ಪಶುವೈದ್ಯರು ಹೇಳಿದಂತೆ ವರ್ಷ ವರ್ಷವೂ ಹಾಕಿಸಬೇಕು. ಯಾವ ನಾಯಿ ಕಚ್ಚಿದರೂ, ಬರಿಯ ಗೀರೇ ಆದರೂ, ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಈ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಇಲ್ಲವೆಂದೇ ಹೇಳಬೇಕು. ಬೀದಿನಾಯಿಗಳ ಗುಂಪಿಗೆ ಹೆದರಿ ನಡಿಗೆಯನ್ನು ಬಿಟ್ಟವರೂ ನಮ್ಮ ಜಿಲ್ಲೆಯಲ್ಲಿ ಇದ್ದಾರೆ. ನಾಯಿ ಒಬ್ಬರನ್ನು ಹೊರಗೆ ಎಳೆದು ತರುವಂತೆ ಇನ್ನೊಬ್ಬರನ್ನು ಒಳಗೆ ಕೂಡಿಯೂ ಹಾಕಬಲ್ಲದು. ಈ ಮಾತನ್ನು ಮುಚ್ಚಿಟ್ಟು ನಾಯಿಯನ್ನು ಹೊಗಳುವುದು ಅಪ್ರಾಮಾಣಿಕತೆಯಾದೀತು.

ಆಯಿಯ ಸಕ್ಕರೆ ಈಗ ಸ್ವಲ್ಪ ಇಳಿದಿದೆ. ಗುಳಿಗೆ ನಿಂತಿಲ್ಲ, ನಿಲ್ಲುವುದೂ ಇಲ್ಲವೆಂದು ವೈದ್ಯರು ಹೇಳಿದ್ದಾರೆ. ಕಳೆದ ಮಳೆಗಾಲದಲ್ಲಿ ಕಾಳುವಿನ ಪಾದಕ್ಕೆ ಚಿಪ್ಪಿನ ಚೂರು ಹೊಕ್ಕು ಹುಣ್ಣಾಗಿ, ಎಂಟು ದಿನ ಅದು ಕೊಟ್ಟಿಗೆಯಿಂದ ಏಳಲಿಲ್ಲ. ಆ ಎಂಟು ದಿನ ಆಯಿಯ ನಡಿಗೆಯೂ ನಿಂತಿತೆಂದೇ ನಾನು ಭಾವಿಸಿದ್ದೆನು. ನಾಲ್ಕನೆಯ ದಿನ ಸಂಜೆ ಬಸ್ಸಿಳಿದು ಬರುವಾಗ ಗದ್ದೆ ಬಯಲಿನ ಆಚೆ ಕೊಡೆ ಹಿಡಿದು ಬರುತ್ತಿದ್ದವಳನ್ನು ಕಂಡು ನಿಂತೆನು. ಆಯಿಯೇ. ಇನ್ನೊಂದು ಕೈಯಲ್ಲಿ ಬರಿಯ ಸರಪಳಿ ಜೋತಾಡುತ್ತಿತ್ತು. ನಾನು ಕೇಳುವ ಮೊದಲೇ, "ಕೇಳಿದವರಿಗೆ ನಾಯಿ ತಪ್ಪಿಸಿಕೊಂಡಿದೆ, ಹುಡುಕುತ್ತಿದ್ದೇನೆ ಅಂದೆ" ಎಂದು ಹೇಳಿ, ಸರಪಳಿಯನ್ನು ನನ್ನ ಕೈಗೆ ಕೊಟ್ಟು, ಬೇಗ ಬೇಗನೆ ಮುಂದೆ ನಡೆದಳು.